ಶರಾವತಿ ಹಿನ್ನೀರಲ್ಲಿ ಎರಡು ರಾತ್ರಿ: ತಂಗುವ ಜಾಗ, ಸಾಮಾನು, ದೋಣಿಯ ಪೂರ್ತಿ ಲೆಕ್ಕ

ಒಂದು ನವೆಂಬರಿನಲ್ಲಿ ಅನುಮತಿ ಪಡೆದು ಡೇರೆ ಹಾಕಿದ್ದ ನಡುಗಡ್ಡೆಗೆ ಮುಂದಿನ ಮಾರ್ಚಿಯಲ್ಲಿ ಮತ್ತೆ ಹೋದೆವು. ನಡುಗಡ್ಡೆ ಇರಲಿಲ್ಲ. ಅದೇ ಗುಡ್ಡ ಇತ್ತು, ನಾವು ಹಗ್ಗ ಕಟ್ಟಿದ್ದ ಅದೇ ಮರ ಇತ್ತು. ಆದರೆ ನೀರು ಇಳಿದು ಗುಡ್ಡ ದಡಕ್ಕೆ ಸೇರಿಬಿಟ್ಟಿತ್ತು. ದೋಣಿ ನಿಂತ ಕಡೆಯಿಂದ ಆ ಮರದವರೆಗೆ ಬರೀ ಕೆಸರು. ಸಂಜೆ ಐದೂವರೆ ಆಗಿತ್ತು, ಆರು ಜನ ಇದ್ದೆವು, ಒಬ್ಬರ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಕತ್ತಲಲ್ಲಿ ಮತ್ತೊಂದು ಜಾಗ ಹುಡುಕಿದ ಆ ಒಂದೂವರೆ ಗಂಟೆ ನನಗೆ ಇನ್ನೂ ನೆನಪಿದೆ.

ಅಂದಿನಿಂದ ನಾನು ಹಿನ್ನೀರಿಗೆ ಹೋಗುವವರಿಗೆಲ್ಲ ಮೊದಲು ಹೇಳುವ ಮಾತು ಒಂದೇ. ಇಲ್ಲಿ ರಾತ್ರಿ ತಂಗುವ ಜಾಗವನ್ನು ನಕ್ಷೆ ನೋಡಿ ಗುರುತು ಹಾಕಬೇಡಿ. ಈ ವಾರ ನೀರು ಎಲ್ಲಿದೆ ಅಂತ ಕೇಳಿ ಗುರುತು ಹಾಕಿ. ಕಾಲುವೆಯಲ್ಲಿ ದೋಣಿ ಬಿಡುವವರಿಗೆ ದಡ ಇದ್ದಲ್ಲೇ ಇರುತ್ತದೆ. ನಮ್ಮ ಲಿಂಗನಮಕ್ಕಿ ಹಾಗಲ್ಲ. ಶರಾವತಿಗೆ ಅಡ್ಡ ಕಟ್ಟಿ 1964ರಲ್ಲಿ ಮುಗಿದ ಈ ಅಣೆಕಟ್ಟಿನ ನೀರು ಕರೆಂಟಿಗಾಗಿ ಕೂಡಿಟ್ಟ ನೀರು. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ, ತುಂಬಿದಾಗ ಸುಮಾರು 151 ಟಿಎಂಸಿ. ಮಳೆಗಾಲದಲ್ಲಿ ತುಂಬುತ್ತದೆ, ಆಮೇಲೆ ಮುಂದಿನ ಮಳೆ ಬರುವ ತನಕ ಖರ್ಚಾಗುತ್ತಾ ಹೋಗುತ್ತದೆ. ದಡವೂ ಅದರ ಜೊತೆಗೇ ಓಡಾಡುತ್ತದೆ.

ಕೆಳಗಿನ ಲೆಕ್ಕ ಆರು ಜನ, ಎರಡು ದೋಣಿ, ಎರಡು ರಾತ್ರಿಗೆ. ನಿಮ್ಮ ತಂಡಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

1. ತಿಂಗಳು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಮಲೆನಾಡಿನ ಮಳೆಗೆ ನೀರು ಒಂದೇ ರಾತ್ರಿಯಲ್ಲಿ ಅಡಿಗಟ್ಟಲೆ ಏರಬಹುದು. ದಡದಲ್ಲಿ ಮಲಗಿದವರಿಗೆ ಅದು ಗೊತ್ತಾಗುವುದು ಚಾಪೆ ಒದ್ದೆಯಾದ ಮೇಲೆ. ಅಕ್ಟೋಬರಿನಲ್ಲೂ ಹಿಂಗಾರು ಗುಡುಗು ಇರುತ್ತದೆ.

ನವೆಂಬರ್ ನಡುವಿನಿಂದ ಜನವರಿ ಕೊನೆ ತನಕ ಒಳ್ಳೆಯ ಕಾಲ. ನೀರು ಮೇಲೆಯೇ ಇರುತ್ತದೆ, ಕೆಸರು ಕಡಿಮೆ, ಬಿಸಿಲು ಹಿತ. ಚಳಿ ಮಾತ್ರ ಜಾಸ್ತಿ, ಬೆಳಗಿನ ಜಾವ ಮಂಜು ಇಳಿದು ಎದುರಿನ ದಡ ಕಾಣುವುದಿಲ್ಲ. ಫೆಬ್ರವರಿ, ಮಾರ್ಚಿಯಲ್ಲೂ ಹೋಗಬಹುದು. ಆದರೆ ಕೆಸರು, ಮಧ್ಯಾಹ್ನದ ಗಾಳಿ, ಉಣುಗು (ರಕ್ತ ಹೀರುವ ಉಣ್ಣೆ ಹುಳ) ಮೂರೂ ಸೇರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಸಿಡಿಲು ಮಳೆ. ಬಯಲು ನೀರಿನ ನಡುವೆ ಸಿಡಿಲು ಶುರುವಾದರೆ ಓಡಿಹೋಗುವುದಕ್ಕೆ ಜಾಗವೇ ಇಲ್ಲ.

2. ನೀರಿನ ಮಟ್ಟ ತಿಳಿಯುವುದು

ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲೂ ಸಿಗುತ್ತದೆ. ಹೊರಡುವ ಹತ್ತು ದಿನ ಮೊದಲಿನಿಂದ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಹತ್ತು ದಿನದ್ದು ನೋಡಿದರೆ ದಿನಕ್ಕೆ ಎಷ್ಟು ಇಳಿಯುತ್ತಿದೆ ಅಂತ ಗೊತ್ತಾಗುತ್ತದೆ.

ಈ ಅಂಕಿ ಯಾಕೆ ಬೇಕು ಅಂದರೆ, ದಿನಕ್ಕೆ ಮೂರು ಇಂಚು ಇಳಿಯುತ್ತಿದೆ ಅಂದುಕೊಳ್ಳಿ. ಕೇಳಿದರೆ ಸಣ್ಣದು ಅನ್ನಿಸುತ್ತದೆ ಅಲ್ವಾ? ಆದರೆ ದಡ ಇಪ್ಪತ್ತು ಅಡಿಗೆ ಒಂದು ಅಡಿಯಷ್ಟು ನಿಧಾನ ಇಳಿಜಾರಾಗಿದ್ದರೆ, ಒಂದು ದಿನದಲ್ಲಿ ನೀರು ಐದು ಅಡಿ ಹಿಂದೆ ಸರಿಯುತ್ತದೆ. ರಾತ್ರಿ ಅರ್ಧ ನೀರಲ್ಲಿ ಬಿಟ್ಟ ದೋಣಿ ಬೆಳಗ್ಗೆ ಕೆಸರಿನ ಮೇಲೆ ಕೂತಿರುತ್ತದೆ. ನಾಲ್ಕು ಜನ ಹಿಡಿದು ಎಳೆದರೂ ಬರುವುದಿಲ್ಲ, ಯಾಕೆಂದರೆ ಎಳೆಯುವವರ ಕಾಲೂ ಹೂತಿರುತ್ತದೆ.

ಇನ್ನೊಂದು ವಿಷಯ. ಮುಳುಗಡೆ ಆದಾಗ ಕಾಡಿನ ಮರಗಳನ್ನೆಲ್ಲ ಕಡಿದು ತೆಗೆದಿರಲಿಲ್ಲ. ಗಟ್ಟಿ ಮರದ ಬೊಡ್ಡೆಗಳು ಅರವತ್ತು ವರ್ಷದ ಮೇಲೂ ನೀರಲ್ಲಿ ನಿಂತಿವೆ. ನೀರು ತುಂಬಿದ್ದಾಗ ಅವು ಆಳದಲ್ಲಿರುತ್ತವೆ. ಪೂರ್ತಿ ಇಳಿದಾಗ ಕಣ್ಣಿಗೆ ಕಾಣುತ್ತವೆ. ನಡುವಿನ ತಿಂಗಳುಗಳಲ್ಲಿ ಒಂದು ಗೇಣು ಕೆಳಗೆ ಇರುತ್ತವೆ, ಭಯ ಆವಾಗ. ದಡದ ಹತ್ತಿರ ಬರುವಾಗ ಒಬ್ಬರು ಮುಂದೆ ಕೂತು ನೀರನ್ನೇ ನೋಡುತ್ತಿರಬೇಕು. ಸಣ್ಣ ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಸುಳಿದಂತೆ ಕಂಡರೆ ಅದರಡಿ ಬೊಡ್ಡೆ ಇದೆ ಅಂತಲೇ ತಿಳಿಯಿರಿ.

ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. 1940ರ ದಶಕದಲ್ಲಿ ಕಟ್ಟಿದ್ದು, ಲಿಂಗನಮಕ್ಕಿ ಬಂದ ಮೇಲೆ ಮುಳುಗಿತು. ಹೆಚ್ಚಾದ ನೀರನ್ನು ತಾನಾಗಿ ಹೊರಹಾಕುವ, ಗಣೇಶ್ ಅಯ್ಯರ್ ಮಾದರಿಯ ಆ ದುಂಡನೆಯ ಸೈಫನ್‌ಗಳನ್ನು ನೋಡಲೇಬೇಕು, ಆದರೆ ಕಾಲ್ನಡಿಗೆಯಲ್ಲಿ ಹೋಗಿ. ಅದರ ಹತ್ತಿರ ದೋಣಿ ತರಬೇಡಿ.

3. ಅನುಮತಿ

ಇದನ್ನು ಸುಮ್ನೆ ಬಿಟ್ಟು ಹೋಗುವವರೇ ಜಾಸ್ತಿ. ಹಿನ್ನೀರಿನ ದೊಡ್ಡ ಭಾಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಅಲ್ಲಿ ಕೇಳದೆ ಇಳಿಯುವುದು, ಡೇರೆ ಹಾಕುವುದು, ಬೆಂಕಿ ಹಚ್ಚುವುದು ಅಪರಾಧ. ಅಣೆಕಟ್ಟಿನ ಹತ್ತಿರ ಯಾವ ದೋಣಿಯೂ ಹೋಗುವಂತಿಲ್ಲ. ನಿಮ್ಮ ದಾರಿಯನ್ನು ಕಾಗದದ ಮೇಲೆ ಬರೆದು, ಎರಡು ರಾತ್ರಿಯೂ ಎಲ್ಲಿ ಉಳಿಯುತ್ತೀರಿ ಅಂತ ಗುರುತು ಹಾಕಿ, ಆ ಭಾಗದ ವಲಯ ಅರಣ್ಯ ಕಚೇರಿಗೆ ಕನಿಷ್ಠ ಮೂರು ವಾರ ಮೊದಲು ಹೋಗಿ ಕೇಳಿ. ಫೋನಿನಲ್ಲಿ ಕೇಳಿದ್ದಕ್ಕಿಂತ ಎದುರು ಕೂತು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗುತ್ತದೆ. ಕೊಟ್ಟ ಪತ್ರದ ಎರಡು ನಕಲು ಮಾಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಒಂದೊಂದು ದೋಣಿಗೆ ಒಂದೊಂದು.

ಮೊದಲ ಸಲ ಹೋಗುವವರು ಹೊನ್ನೆಮರಡುವಿನಿಂದ ಶುರು ಮಾಡುವುದು ಒಳ್ಳೆಯದು. ಸಾಗರದಿಂದ ಹತ್ತಿರ, ಅಲ್ಲಿ ತೆಪ್ಪ, ಕಯಾಕ್ ಕಲಿಸಿ ಕರೆದುಕೊಂಡು ಹೋಗುವ ವ್ಯವಸ್ಥೆ ಇದೆ. ಮುಪ್ಪಾನೆಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ನೀರಿನ ದಡದಲ್ಲೇ ಇದೆ. ಸಿಗಂದೂರು, ತುಮರಿ ಕಡೆ ಮನೆಗಳಲ್ಲಿ ಉಳಿಯುವುದಕ್ಕೂ ಆಗುತ್ತದೆ.

ಕೆಲವರು ಭದ್ರಾ ಹಿನ್ನೀರಿನ ಬೋಳು ನಡುಗಡ್ಡೆಗಳಲ್ಲಿ ಮಲಗುವ ಆಸೆ ಹೇಳುತ್ತಾರೆ. ದಯವಿಟ್ಟು ಬೇಡ. ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಕಲ್ಲಿನ ಬಣ್ಣದ ಮೊಟ್ಟೆ, ತುಳಿದರೂ ಗೊತ್ತಾಗುವುದಿಲ್ಲ. ತಾಯಿಹಕ್ಕಿ ಎದ್ದು ಬಹಳ ಹೊತ್ತು ದೂರ ಉಳಿದರೆ ಬಿಸಿಲಿಗೆ ಮೊಟ್ಟೆ ಕೆಟ್ಟುಹೋಗಬಹುದು.

4. ದಿನಕ್ಕೆ ಎಷ್ಟು ದೂರ

ಅಭ್ಯಾಸ ಇಲ್ಲದವರು ಸಾಮಾನು ತುಂಬಿದ ದೋಣಿಯಲ್ಲಿ ಗಂಟೆಗೆ 3 ಕಿ.ಮೀ ಹೋದರೆ ಹೆಚ್ಚು. ತೆಪ್ಪ ಆದರೆ 2 ಕಿ.ಮೀಗಿಂತ ಕಡಿಮೆ, ಯಾಕೆಂದರೆ ಅದು ಮುಂದೆ ಹೋಗುವಷ್ಟೇ ಸುತ್ತುತ್ತದೆ. ದಿನಕ್ಕೆ ನಾಲ್ಕು ಗಂಟೆ ಹುಟ್ಟು ಹಾಕಿದರೆ 12 ಕಿ.ಮೀ. ಅದರಲ್ಲಿ ಗಾಳಿಗೆ ಒಂದು ಪಾಲು ಬಿಡಿ, ದಡದ ಸುತ್ತುಬಳಸಿಗೆ ಒಂದು ಪಾಲು ಬಿಡಿ. ಉಳಿಯುವುದು 8 ಕಿ.ಮೀ. ಯೋಜನೆಯಲ್ಲಿ ಬರೆಯಬೇಕಾದ ಅಂಕಿ ಅದು.

ದಡದ ಗುಂಟ ಹೋಗಿ. ನಡುನೀರು ದಾಟಿದರೆ ಹತ್ತಿರ ಅನ್ನಿಸುತ್ತದೆ, ಆದರೆ ಗಾಳಿ ಬಯಲು ನೀರಿನ ಮೇಲೆ ಎಷ್ಟು ದೂರ ಓಡಿ ಬಂದಿದೆಯೋ ಅಲೆ ಅಷ್ಟು ದೊಡ್ಡದಾಗುತ್ತದೆ. ಬೆಳಗ್ಗೆ ಏಳಕ್ಕೆ ಅಲುಗದೆ ಮಲಗಿದ್ದ ನೀರು ಹನ್ನೆರಡಕ್ಕೆ ದೋಣಿಯೊಳಗೆ ಚಿಮ್ಮುತ್ತಿರುತ್ತದೆ. ದಾಟಲೇಬೇಕಾದ ಜಾಗ ಇದ್ದರೆ ಅದನ್ನು ದಿನದ ಮೊದಲ ಕೆಲಸ ಮಾಡಿಕೊಳ್ಳಿ. ಏಳಕ್ಕೆ ಹೊರಟು ಹನ್ನೊಂದಕ್ಕೆ ಹುಟ್ಟು ಕೆಳಗಿಡಿ. ಊಟ, ನಿದ್ದೆ. ಉಳಿದ ಸ್ವಲ್ಪ ದೂರ ಇದ್ದರೆ ದಡದ ಮರೆಯಲ್ಲಿ ಹೋಗಿ ಮೂರೂವರೆಯೊಳಗೆ ತಂಗುವ ಜಾಗ ಸೇರಿ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ನಮಗೆ ಅಂದು ಮಾರ್ಚಿಯಲ್ಲಿ ಆ ಪಾಡು ಬಂದಿದ್ದು ಐದೂವರೆಗೆ ಮುಟ್ಟಿದ್ದರಿಂದ. ಮೂರೂವರೆಗೆ ಮುಟ್ಟಿದ್ದರೆ ಬೇರೆ ಜಾಗ ನೋಡುವುದಕ್ಕೆ ಬೆಳಕು ಇರುತ್ತಿತ್ತು.

ಲಾಂಚ್ (ಜನ, ವಾಹನ ದಾಟಿಸುವ ದೊಡ್ಡ ದೋಣಿ) ಓಡಾಡುವ ದಾರಿಯಿಂದ ದೂರ ಇರಿ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗಿದೆ. ಅದರ ಕಂಬಗಳ ನಡುವೆ ದೋಣಿ ನಿಲ್ಲಿಸಿ ಫೋಟೋ ತೆಗೆಯಲು ಹೋಗಬೇಡಿ. ಮೀನು ಹಿಡಿಯುವವರು ಸಂಜೆ ಬಲೆ ಬಿಟ್ಟಿರುತ್ತಾರೆ, ಗುರುತಿಗೆ ಖಾಲಿ ಬಾಟಲಿಯೋ ಥರ್ಮೋಕೋಲ್ ತುಂಡೋ ತೇಲುತ್ತಿರುತ್ತದೆ. ಸಾಲಾಗಿ ತೇಲುವ ಬಾಟಲಿ ಕಂಡರೆ ಸುತ್ತು ಹಾಕಿಕೊಂಡು ಹೋಗಿ. ಒಂದು ಬಲೆ ಹರಿದರೆ ಅವರ ಒಂದು ವಾರದ ದುಡಿಮೆ ಹೋಯಿತು.

5. ರಾತ್ರಿಯ ಜಾಗ

ಎರಡು ರಾತ್ರಿ ಇದ್ದರೆ ಮೊದಲನೆಯದು ಮನೆಯಲ್ಲಿ, ಎರಡನೆಯದು ಡೇರೆಯಲ್ಲಿ. ನಾನು ಈಗ ಹೀಗೇ ಮಾಡುತ್ತೇನೆ. ಮೊದಲ ದಿನ ಕೈ ನೋಯುತ್ತಿರುತ್ತದೆ, ಯಾರ ಚೀಲ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ದಡದ ಊರಿನ ಮನೆಯಲ್ಲಿ ಉಳಿದರೆ ಬಿಸಿನೀರು, ಊಟ ಎಲ್ಲ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡನೇ ರಾತ್ರಿಯ ಜಾಗದ ಬಗ್ಗೆ ಕೇಳುವುದಕ್ಕೆ ಜನ ಸಿಗುತ್ತಾರೆ.

ಏನು ಕೇಳಬೇಕು ಅನ್ನುವುದೂ ಮುಖ್ಯ. "ಅಲ್ಲಿ ಡೇರೆ ಹಾಕಬಹುದಾ?" ಅಂದರೆ "ಹಾಕಬಹುದು" ಅಂತಲೇ ಹೇಳುತ್ತಾರೆ. "ಅಣ್ಣಾ, ನೀವು ಈ ವಾರ ಅಲ್ಲಿಗೆ ಹೋಗಿದ್ರಾ? ದೋಣಿ ಎಲ್ಲಿ ನಿಲ್ಲಿಸಿದ್ರಿ? ಇಳಿದು ನಡೆದ್ರಾ?" ಅಂತ ಕೇಳಿ. ಒಮ್ಮೆ ಹೀಗೆ ಕೇಳಿದಾಗ ಮೀನು ಹಿಡಿಯುವ ಅಣ್ಣ ಒಬ್ಬರು ಹೇಳಿದ ಮಾತು ನಾನು ಮರೆತಿಲ್ಲ. "ತಮ್ಮಾ, ಮಣ್ಣು ನೋಡ್ಬೇಡ, ಹುಲ್ಲು ನೋಡು. ಸಣ್ಣ ಹುಲ್ಲು ಬಂದಿದ್ರೆ ನೀರು ಬಿಟ್ಟು ಬಹಳ ದಿನ ಆಯ್ತು ಅಂತ. ಅಲ್ಲಿ ಕಾಲು ನಿಲ್ತದೆ."

ಜಾಗ ಮುಟ್ಟಿದ ಮೇಲೆ ಎಲ್ಲರೂ ಇಳಿಯಬೇಡಿ. ಒಬ್ಬರು ಹುಟ್ಟು ಹಿಡಿದು ಇಳಿಯಲಿ. ಹುಟ್ಟಿನ ಹಿಡಿಯನ್ನು ನೆಲಕ್ಕೆ ಊರಿ ಭಾರ ಬಿಡಿ. ನಾಲ್ಕು ಬೆರಳಿಗಿಂತ ಜಾಸ್ತಿ ಒಳಗೆ ಹೋದರೆ ಆ ದಡ ಬಿಟ್ಟುಬಿಡಿ. ಕೆಂಪು ಜಂಬಿಟ್ಟಿಗೆಯ ನೊರಜು ಕಲ್ಲಿನ ನೆಲ ಒಳ್ಳೆಯದು. ಬೂದು ಬಣ್ಣದ, ಮೇಲೆ ಬಿರುಕು ಬಿಟ್ಟ ನೆಲ ಮೋಸ. ಮೇಲಿನ ಎರಡು ಇಂಚು ಒಣಗಿ ಹಪ್ಪಳದಂತೆ ಇರುತ್ತದೆ, ಕೆಳಗೆ ಹಸಿ ಕೆಸರು. ಹಳ್ಳ ಬಂದು ಸೇರುವ ಮೂಲೆಗಳಲ್ಲಿ ಇಂಥದ್ದೇ ಜಾಸ್ತಿ. ನೋಡಲು ಚಂದ, ಗಾಳಿಯ ಮರೆಯೂ ಇದೆ ಅಂತ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಮೂಗಿನಂತೆ ನೀರಿಗೆ ಚಾಚಿಕೊಂಡ ದಿಬ್ಬ ಹುಡುಕಿ. ಅಲ್ಲಿ ಮಣ್ಣು ಕೊಚ್ಚಿ ಹೋಗಿ ಕಲ್ಲು ಉಳಿದಿರುತ್ತದೆ.

ಎಷ್ಟು ಮೇಲೆ ಮಲಗಬೇಕು? ತುಂಬಿದಾಗಿನ ನೀರಿನ ಗುರುತು ದಡದಲ್ಲಿ ಕಾಣುತ್ತದೆ. ಅದರ ಮೇಲೆ ಮರ, ಅದರ ಕೆಳಗೆ ಬೋಳು. ಡೇರೆ ಆ ಗೆರೆಯ ಕೆಳಗೆ, ಬೋಳು ನೆಲದಲ್ಲಿ ಇರಲಿ. ಇವತ್ತಿನ ನೀರಿಗಿಂತ ಎರಡು ಆಳು ಎತ್ತರದಲ್ಲಿ ಇದ್ದರೆ ಸಾಕು. ಮರದ ನೆರಳು, ಎಲೆ ಹಾಸಿದ ಮೆತ್ತನೆ ನೆಲ ಕರೆಯುತ್ತದೆ. ಅಲ್ಲಿಗೆ ಹೋಗಬೇಡಿ. ಯಾಕೆ ಅಂತ ಉಣುಗಿನ ಭಾಗದಲ್ಲಿ ಹೇಳುತ್ತೇನೆ.

ಬೋಳು ನೆಲದಲ್ಲಿ ನಡೆಯುವಾಗ ಕೆಲವು ಕಡೆ ಸಾಲು ಕಲ್ಲು, ಮನೆಯ ಅರ್ಧ ಅಡಿಪಾಯ, ಸವೆದ ಮೆಟ್ಟಿಲು ಸಿಗುತ್ತವೆ. ಅದು ಯಾರದೋ ಮನೆ. ಮುಳುಗಡೆಯಲ್ಲಿ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಈ ಶಿವಮೊಗ್ಗ ಜಿಲ್ಲೆಯಲ್ಲೇ ಭೂಮಿಯ ಹಕ್ಕಿಗೆ ಓಡಾಡುತ್ತಿದ್ದಾರೆ. ಆ ಕಲ್ಲು ಕಿತ್ತು ಒಲೆ ಮಾಡಬೇಡಿ. ತುಳಸಿಕಟ್ಟೆಯಂಥದ್ದು ಕಂಡರೆ ಡೇರೆಯನ್ನು ಸ್ವಲ್ಪ ದೂರ ಹಾಕಿ.

ದೋಣಿ ಕಟ್ಟುವುದು ಹೀಗೆ. ಸಾಮಾನು ಪೂರ್ತಿ ಇಳಿಸಿ. ಹಗುರ ದೋಣಿಯಾದರೆ ನೀರಿನಿಂದ ಹತ್ತು ಅಡಿ ಮೇಲೆ ಎತ್ತಿ, ಬೋರಲು ಹಾಕಿ. ಮಂಜು ಒಳಗೆ ಇಳಿಯುವುದಿಲ್ಲ. ಎತ್ತಲಾಗದ ದೋಣಿಗೆ ಎರಡು ಹಗ್ಗ, ಒಂದು ಮುಂದೆ, ಒಂದು ಹಿಂದೆ, ಎರಡೂ ಬೇರೆ ಬೇರೆ ಗೂಟಕ್ಕೆ. ಗೂಟಕ್ಕೆ ಎರಡಡಿ ಕಬ್ಬಿಣದ ಸಲಾಕೆ ಒಯ್ಯಿರಿ, ದಡದಲ್ಲಿ ಮರ ಇರುತ್ತದೆ ಅಂತ ನಂಬಬೇಡಿ. ಹಗ್ಗ ಬಿಗಿ ಮಾಡದೆ ಒಂದು ಮಾರು ಸಡಿಲ ಬಿಡಿ, ಮಲಗುವ ಮೊದಲು ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡಿ ನೀರಿನ ಜೊತೆ ಸರಿಸಿ.

6. ಕುಡಿಯುವ ನೀರು

ಸುತ್ತಲೂ ನೀರಿದ್ದರೂ ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್. ಆರು ಜನಕ್ಕೆ 24. ಎರಡೂವರೆ ದಿನಕ್ಕೆ 60 ಲೀಟರ್, ಅಂದರೆ 60 ಕಿಲೋ. ದೋಣಿಯಲ್ಲಿ ಇನ್ನೊಬ್ಬ ಮನುಷ್ಯನನ್ನು ಕೂರಿಸಿದಂತೆ. ಮೊದಲ ರಾತ್ರಿ ಮನೆಯಲ್ಲಿ ಉಳಿದರೆ ಅಲ್ಲಿ ಕುದಿಸಿದ ನೀರು ತುಂಬಿಕೊಳ್ಳಬಹುದು. ಆಗ ಒಮ್ಮೆಗೆ ಹೊರಬೇಕಾದ್ದು ಒಂದೂವರೆ ದಿನದ 36 ಲೀಟರ್ ಮಾತ್ರ.

20 ಲೀಟರಿನ ದೊಡ್ಡ ಕ್ಯಾನ್ ಬೇಡ, 10 ಲೀಟರಿನ ನಾಲ್ಕು ಕ್ಯಾನ್ ತನ್ನಿ. ದೋಣಿಯಲ್ಲಿ ಭಾರ ಹಂಚುವುದು ಸುಲಭ, ಒಂದು ಸೋರಿದರೂ ಮೂರು ಉಳಿಯುತ್ತವೆ. ಪಾತ್ರೆ ತೊಳೆಯಲು, ಕೈಕಾಲಿಗೆ ಹಿನ್ನೀರೇ ಸಾಕು. ಅನಿವಾರ್ಯವಾದರೆ ಅದೇ ನೀರನ್ನು ಪಂಚೆಯ ತುಂಡಿನಲ್ಲಿ ನಾಲ್ಕು ಮಡಿಕೆ ಮಾಡಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಬರೀ ಸೋಸಿದರೆ ಸಾಲದು.

ಸೋಪು, ಶಾಂಪೂ ನೀರಿಗೆ ಬಿಡಬೇಡಿ. ಶೌಚಕ್ಕೆ ತುಂಬಿದ ನೀರಿನ ಗೆರೆಯ ಮೇಲೆ ಹೋಗಿ ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು. ಇವತ್ತು ಒಣಗಿರುವ ನೆಲ ಮಳೆಗಾಲದಲ್ಲಿ ನೀರಿನ ಅಡಿ ಇರುತ್ತದೆ ಅನ್ನುವುದು ನೆನಪಿರಲಿ. ಸ್ಯಾನಿಟರಿ ಪ್ಯಾಡ್, ಡೈಪರ್ ವಾಪಸ್ ಚೀಲದಲ್ಲೇ ಬರಲಿ.

7. ಊಟದ ಲೆಕ್ಕ

ಹಿನ್ನೀರಲ್ಲಿ ಅಡುಗೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಂದೊಂದು ಹೊತ್ತು ಎಣಿಸೋಣ. ಮೊದಲ ದಿನ ಮಧ್ಯಾಹ್ನ ಮನೆಯಿಂದ ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ ಅಥವಾ ಪುಳಿಯೋಗರೆ. ರಾತ್ರಿ, ಮರುದಿನ ಬೆಳಗ್ಗೆ ಉಳಿದ ಮನೆಯಲ್ಲೇ. ಎರಡನೇ ಮಧ್ಯಾಹ್ನ ಅವಲಕ್ಕಿ. ಎರಡನೇ ರಾತ್ರಿ ಗಂಜಿ. ಮೂರನೇ ಬೆಳಗ್ಗೆ ಉಪ್ಪಿಟ್ಟು. ಮಧ್ಯಾಹ್ನಕ್ಕೆ ಸಾಗರ ಪೇಟೆ. ಅಂದರೆ ಒಲೆ ಹಚ್ಚುವುದು ಎರಡೇ ಹೊತ್ತು, ಮಧ್ಯೆ ಮಧ್ಯೆ ಕಷಾಯ.

ಗಂಜಿ ಅಂದಾಗ ಹುಡುಗರು ಮುಖ ಸಣ್ಣ ಮಾಡುತ್ತಾರೆ. ಇಡೀ ದಿನ ಬಿಸಿಲಲ್ಲಿ ಹುಟ್ಟು ಹಾಕಿ, ಚಳಿ ಇಳಿಯುವ ಹೊತ್ತಿಗೆ ಬಿಸಿ ಗಂಜಿ, ಒಂದು ಚಮಚ ತುಪ್ಪ, ಭರಣಿಯಿಂದ ತೆಗೆದ ಅಪ್ಪೆಮಿಡಿ ಕೊಟ್ಟು ನೋಡಿ. ಮಿಡಿಯ ತೊಟ್ಟು ಕಚ್ಚಿದಾಗ ಸೊನೆಯ ವಾಸನೆ ಮೂಗಿಗೆ ಏರುತ್ತದೆ, ಮೇಲೆ ಕರಿದ ಮಜ್ಜಿಗೆ ಮೆಣಸು. ಎರಡನೇ ಸಲ ತಾಟು ಹಿಡಿಯದವರನ್ನು ನಾನು ನೋಡಿಲ್ಲ. ಗಂಜಿಗೆ ಬಸಿಯುವ ನೀರು ಹಾಳಾಗುವುದಿಲ್ಲ, ಒಂದೇ ಪಾತ್ರೆ ಸಾಕು, ಬೆವರಲ್ಲಿ ಹೋದ ಉಪ್ಪು, ನೀರು ಎರಡೂ ವಾಪಸ್ ಬರುತ್ತವೆ.

ಆರು ಜನರ ಅಳತೆ:

- ಅಕ್ಕಿ ಒಂದು ಕಿಲೋ, ಹೆಸರುಬೇಳೆ ಕಾಲು ಕಿಲೋ
- ಗಟ್ಟಿ ಅವಲಕ್ಕಿ 600 ಗ್ರಾಂ, ಗೊಜ್ಜವಲಕ್ಕಿಯ ಪುಡಿ ಮನೆಯಲ್ಲೇ ಬೆರೆಸಿದ್ದು
- ರವೆ ಅರ್ಧ ಕಿಲೋ, ಒಗ್ಗರಣೆ ಸಮೇತ ಹುರಿದು ಡಬ್ಬಿಗೆ ತುಂಬಿದ್ದು
- ಅಪ್ಪೆಮಿಡಿ, ಚಟ್ನಿಪುಡಿ, ತುಪ್ಪ, ಉಪ್ಪು, ಮನೆಯಲ್ಲೇ ಕರಿದು ತಂದ ಮಜ್ಜಿಗೆ ಮೆಣಸು
- ಕಷಾಯದ ಪುಡಿ, ಬೆಲ್ಲ ಒಂದು ಕಿಲೋ
- ಬಾಳೆಹಣ್ಣು, ಸ್ವಲ್ಪ ಕಾಯಿ ಇರುವುದು. ಪೂರ್ತಿ ಹಣ್ಣಾದದ್ದು ಎರಡನೇ ದಿನಕ್ಕೆ ಮುದ್ದೆಯಾಗುತ್ತದೆ

ಇದಲ್ಲದೆ ಇನ್ನೊಂದು ಗಂಟು ಬೇರೆಯೇ ಕಟ್ಟಿ. ಅದರಲ್ಲಿ 600 ಗ್ರಾಂ ತೆಳು ಅವಲಕ್ಕಿ, ಅರ್ಧ ಕಿಲೋ ಹುರಿದ ಶೇಂಗಾ, ಬೆಲ್ಲ. ಒಲೆ ಬೇಡ, ನೀರು ಚಿಮುಕಿಸಿದರೆ ಸಾಕು. ಗಾಳಿ ಎದ್ದು ದಾಟಲಾಗದೆ ಒಂದು ಹೊತ್ತು ಜಾಸ್ತಿ ಕೂರಬೇಕಾದರೆ ಅದು ಊಟ. ಆ ಗಂಟು ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಹಸಿವಾಗಿದೆ ಅಂತ ಗಾಳಿಯಲ್ಲೇ ದೋಣಿ ಬಿಡುತ್ತಾರೆ. ಗಾಳಿ ಏಳದೆ ಆ ಗಂಟು ಹಾಗೇ ಮನೆಗೆ ವಾಪಸ್ ಬಂದರೆ ಒಳ್ಳೆಯದೇ ಆಯಿತು.

ಸೌದೆ ಬೆಂಕಿ ಬೇಡ. ಅಭಯಾರಣ್ಯದಲ್ಲಿ ಒಣಗಿದ ಕೊಂಬೆಯನ್ನೂ ಎತ್ತುವಂತಿಲ್ಲ. ಗ್ಯಾಸ್ ಒಲೆ ಒಂದಕ್ಕೆ ಗಂಟೆಗೆ ಸುಮಾರು 150ರಿಂದ 200 ಗ್ರಾಂ ಗ್ಯಾಸ್ ಬೇಕು. ನಮ್ಮ ಅಡುಗೆಗೆ ಒಟ್ಟು ಮೂರು ಗಂಟೆ ಹಿಡಿದರೆ 600 ಗ್ರಾಂ. ಡಬ್ಬಿ ಹಾಕುವ ಸಣ್ಣ ಒಲೆಯಾದರೆ ಮೂರು ಡಬ್ಬಿ, ಮೇಲೊಂದು. ಒಲೆಗೆ ಗಾಳಿ ತಾಗದಂತೆ ತಗಡಿನ ಮರೆ ಇಡಿ, ಇಲ್ಲದಿದ್ದರೆ ಲೆಕ್ಕ ಎರಡು ಪಟ್ಟಾಗುತ್ತದೆ. ಡೇರೆಯೊಳಗೆ ಒಲೆ ಹಚ್ಚಬೇಡಿ.

8. ದೋಣಿಗೆ ತುಂಬುವುದು

ಭಾರದ್ದು ಕೆಳಗೆ, ನಡುವೆ. ನೀರಿನ ಕ್ಯಾನು ಮೊದಲು, ಅದರ ಪಕ್ಕ ಅಕ್ಕಿ, ಪಾತ್ರೆ. ಬಟ್ಟೆ, ಕಂಬಳಿ ಎರಡು ತುದಿಗೆ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ತಿರುಚಿ, ಮಡಚಿ, ರಬ್ಬರ್ ಹಾಕಿ. ಗಾಳಿ ತುಂಬಿದ ಚೀಲ ತೇಲುತ್ತದೆ. ಅಡುಗೆ ಸಾಮಾನು ಎರಡು ದೋಣಿಗೂ ಹಂಚಿ, ಒಂದರಲ್ಲೇ ಒಲೆ, ಡಬ್ಬಿ, ಅಕ್ಕಿ ಎಲ್ಲ ಇಡಬೇಡಿ. ಪ್ರತಿ ದೋಣಿಯಲ್ಲಿ ನೀರು ಮೊಗೆಯಲು ಒಂದು ಚೊಂಬು, ಒಂದು ಹೆಚ್ಚಿನ ಹುಟ್ಟು, ಹದಿನೈದು ಮೀಟರ್ ಹಗ್ಗ ಇರಲಿ.

ಲೈಫ್ ಜಾಕೆಟ್ ಹಾಕಿಕೊಂಡು ಕೂರಬೇಕು, ಕೆಳಗೆ ಹಾಸಿಕೊಂಡು ಕೂರುವುದಲ್ಲ. ಮಕ್ಕಳ ಜಾಕೆಟ್ಟಿನ ಭುಜ ಹಿಡಿದು ಮೇಲೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಆ ಅಳತೆ ಸರಿಯಿಲ್ಲ. ಈಜು ಬರುತ್ತದೆ ಅನ್ನುವವರಿಗೂ ಇದೇ ಮಾತು. ಡಿಸೆಂಬರಿನ ಬೆಳಗಿನ ನೀರಲ್ಲಿ ಪ್ಯಾಂಟು, ಸ್ವೆಟರ್ ಹಾಕಿ ಬಿದ್ದರೆ ಈಜು ಕೈಕೊಡುತ್ತದೆ.

9. ಉಣುಗು, ಮಂಗನ ಕಾಯಿಲೆ

ಬೇರೆ ಏನನ್ನು ಬಿಟ್ಟರೂ ಇದನ್ನು ಓದಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆಗಳಲ್ಲಿ ಸಾವಾಯಿತು ಅನ್ನುವುದು ಇಲ್ಲಿಯವರಿಗೆ ಗೊತ್ತು. ಹರಡುವುದು ಉಣುಗಿನಿಂದ. ಅದರ ಕಾಟ ಜಾಸ್ತಿ ಇರುವುದು ಡಿಸೆಂಬರಿನಿಂದ ಮೇ ತನಕ, ಸರಿಯಾಗಿ ನಾವು ದೋಣಿ ಇಳಿಸುವ ತಿಂಗಳುಗಳಲ್ಲಿ. ಅದಕ್ಕೇ ಡೇರೆ ಬೋಳು ನೆಲದಲ್ಲಿರಲಿ ಅಂದೆ. ಉಣುಗು ಇರುವುದು ಕಾಡಿನ ಒಣ ಎಲೆಯ ಹಾಸಿನಲ್ಲಿ, ಪೊದೆಯ ಬುಡದಲ್ಲಿ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಹತ್ತಿದ್ದು ಗೊತ್ತೇ ಆಗುವುದಿಲ್ಲ.

ಕಾಡಿನ ಅಂಚಿಗೆ ಹೋಗುವಾಗ ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ, ಕೈಕಾಲಿಗೆ ಹಚ್ಚಿ. ತಿಳಿ ಬಣ್ಣದ ಬಟ್ಟೆ ಇದ್ದರೆ ಉಣುಗು ಕಣ್ಣಿಗೆ ಬೀಳುತ್ತದೆ. ಸಂಜೆ ಬೆಳಕಿರುವಾಗಲೇ ಒಬ್ಬರು ಇನ್ನೊಬ್ಬರ ಕಿವಿಯ ಹಿಂದೆ, ಕತ್ತು, ಮೊಣಕಾಲ ಸಂದು ನೋಡಿ. ಕಚ್ಚಿಕೊಂಡಿದ್ದರೆ ಉಗುರಲ್ಲಿ ಹಿಸುಕಬೇಡಿ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನ ನೇರಕ್ಕೆ ಎಳೆದು, ಸೋಪಿನಿಂದ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಆ ಜಾಗದಲ್ಲಿ ತಂಗಬೇಡಿ.

ಉಂಬಳದ (ಜಿಗಣೆಯ) ಬಗ್ಗೆ ಹೊರಗಿನವರು ಬಹಳ ಹೆದರುತ್ತಾರೆ. ಬೋಳು ದಡದಲ್ಲಿ, ಡಿಸೆಂಬರಿನಲ್ಲಿ ಅದು ತೊಂದರೆಯೇ ಅಲ್ಲ.

10. ಮನೆಗೆ ಬಿಟ್ಟು ಹೋಗುವ ಚೀಟಿ

ಹಿನ್ನೀರಿನ ಬಹಳ ಕಡೆ ಮೊಬೈಲ್ ಸಿಗುವುದಿಲ್ಲ. ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ, ಮೊದಲ ರಾತ್ರಿ ಉಳಿದ ಮನೆಯವರಿಗೆ ಚೀಟಿ ಬರೆದುಕೊಡಿ. ಎಷ್ಟು ಜನ, ದೋಣಿಯ ಬಣ್ಣ, ಎರಡನೇ ರಾತ್ರಿಯ ಜಾಗ, ಮೂರನೇ ದಿನ ಎಷ್ಟು ಹೊತ್ತಿಗೆ ಎಲ್ಲಿ ದಡ ಸೇರುತ್ತೀರಿ, ಯಾವ ಹೊತ್ತು ಮೀರಿದರೆ 112ಕ್ಕೆ ಫೋನ್ ಮಾಡಬೇಕು. ಕೊನೆಯದನ್ನು ಗಂಟೆ ಹಾಕಿಯೇ ಬರೆಯಿರಿ. "ಬರದಿದ್ದರೆ ನೋಡಿ" ಅಂದರೆ ಯಾರೂ ಕತ್ತಲಾಗುವ ತನಕ ನೋಡುವುದಿಲ್ಲ. ಹಾದಿಯಲ್ಲಿ ಜಾಗ ಬದಲಾಯಿಸಿದರೆ ಸಿಕ್ಕ ಮೀನುಗಾರರ ಹತ್ತಿರ ಹೇಳಿ ಹೋಗಿ. ದಡ ಮುಟ್ಟಿದ ತಕ್ಷಣ ಮನೆಗೆ, ಆ ಮನೆಯವರಿಗೆ, ಅರಣ್ಯ ಕಚೇರಿಗೆ ಬಂದೆವು ಅಂತ ತಿಳಿಸಿ.

ವಾಪಸ್ ಬಂದ ದಿನವೇ ಬಟ್ಟೆ, ಡೇರೆ, ಕಂಬಳಿ ಎಲ್ಲ ಬಿಸಿಲಿಗೆ ಹಾಕಿ. ಹಾಕಿದ್ದ ಬಟ್ಟೆ ಬಿಸಿನೀರಲ್ಲಿ ನೆನೆಸಿ, ಮನೆಯ ಮಂಚದ ಮೇಲೆ ಎಸೆಯಬೇಡಿ. ಆಮೇಲೆ ಎರಡು ವಾರ ಮೈ ಮೇಲೆ ಗಮನ ಇರಲಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಮೈಕೈ ನೋವು ಬಂದರೆ ಅದು ಮಂಗನ ಕಾಯಿಲೆ ಇರಬಹುದು, ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಡಾಕ್ಟರ್ ಕೇಳುವ ಮೊದಲೇ "ಶರಾವತಿ ಹಿನ್ನೀರಲ್ಲಿ, ಕಾಡಿನ ಹತ್ತಿರ ಮಲಗಿದ್ದೆ" ಅಂತ ಹೇಳಿ, ಯಾವ ದಿನ ಅನ್ನುವುದನ್ನೂ ಹೇಳಿ.